ಆ ಒಂದು ಪೈಸೆ ಎಲ್ಲಿ ಹೋಯ್ತು, ಸಾರ್?

ಬೆಳಿಗ್ಗೆ ಆರೂವರೆಗೆ ಫೋನ್ ಬಂದರೆ ಅದು ಡೇರಿಯದ್ದೇ ಎಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಅವತ್ತು ಕಾರ್ಯದರ್ಶಿಗಳ ದನಿ ಸಪ್ಪಗಿತ್ತು. "ಸಾರ್, ಒಂದು ಪೈಸೆ ತಾಳೆ ಆಗ್ತಿಲ್ಲ. ಅಜ್ಜಿ ಇಲ್ಲೇ ಕೂತವ್ರೆ."

ನಾನು ಹಾಲಿನ ಸಂಘಗಳಿಗೆ, ಒಂದೆರಡು ಹಾರ್ಡ್‌ವೇರ್ ಅಂಗಡಿಗಳಿಗೆ ರಿಪೋರ್ಟ್ ಬರೆದುಕೊಡುವವನು. ಡೇಟಾಬೇಸ್ ಕೆಟ್ಟುಹೋಯಿತು ಎಂದು ಬರುವ ಫೋನ್ ಕಡಿಮೆ. ಪೈಸೆ ಕೂಡಿಬರುತ್ತಿಲ್ಲ ಎಂದು ಬರುವುದೇ ಜಾಸ್ತಿ. ಹೋಗಿ ನೋಡಿದರೆ ಬಹುಪಾಲು ಒಂದೇ ಕಾಯಿಲೆ. ಕ್ವೆರಿಯಲ್ಲಿ, ಅಂದರೆ ಡೇಟಾಬೇಸಿಗೆ ಲೆಕ್ಕ ಕೇಳುವ ಆದೇಶದಲ್ಲಿ, ಯಾರೋ ಕಂಡಕಂಡಲ್ಲಿ ರೌಂಡ್ (ಸಂಖ್ಯೆಯನ್ನು ಹತ್ತಿರದ ಪೈಸೆಗೆ ತರುವುದು) ಹಾಕಿರುತ್ತಾರೆ. ಆ ಯಾರೋ ಕೆಲವು ಸಲ ನಾನೇ ಆಗಿದ್ದೇನೆ, ಇರಲಿ.

ಅಜ್ಜಿ ಹಾಲು ಹಾಕಿದ ಚೀಟಿಗಳನ್ನೆಲ್ಲ ಸೆರಗಿನ ಗಂಟಿನಲ್ಲಿ ಇಟ್ಟುಕೊಳ್ಳುವವರು. ಮೊಮ್ಮಗಳು ಮೊಬೈಲಿನಲ್ಲಿ ಕೂಡಿ ಹೇಳುತ್ತಾಳೆ. ಲೆಕ್ಕ ತೋರಿಸಲು ಮೂರೇ ಚೀಟಿ ಸಾಕು. 4.3 ಲೀಟರ್, ದರ 36.35. ಇನ್ನೊಂದು ಹೊತ್ತು 5.1 ಲೀಟರ್, ದರ 35.85. ಮತ್ತೊಂದು 4.7 ಲೀಟರ್, ದರ 36.15. ಹಾಲಿನ ಫ್ಯಾಟ್ (ಕೊಬ್ಬು), ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಬದಲಾದ ಹಾಗೆ ದರವೂ ಬದಲಾಗುತ್ತದಲ್ಲ, ಅದಕ್ಕೇ ಬೇರೆ ಬೇರೆ. ಗುಣಿಸಿದರೆ 156.305, 182.835, 169.905. ಚೀಟಿಯಲ್ಲಿ ಎರಡೇ ಸ್ಥಾನ ಅಚ್ಚಾಗುವುದರಿಂದ 156.31, 182.84, 169.91. ಮೊಮ್ಮಗಳು ಕೂಡಿದರೆ 509.06.

ಬಿಲ್ಲಿನ ಕ್ವೆರಿ ಮಾತ್ರ ಮೊದಲು ಎಲ್ಲವನ್ನೂ ಕೂಡಿ ಆಮೇಲೆ ರೌಂಡ್ ಮಾಡುತ್ತಿತ್ತು. 509.045 ಹೋಗಿ 509.05 ಆಯಿತು. ಅಜ್ಜಿಯ ಒಂದು ಪೈಸೆ ಹೋದದ್ದು ಅಲ್ಲಿ.

ಇಲ್ಲಿ ಸ್ವಲ್ಪ ನಿಲ್ಲಿ. ಇದನ್ನು ಎಷ್ಟು ಸಲ ಹೇಳಿದರೂ ಜನ ತಲೆಗೆ ಹಾಕಿಕೊಳ್ಳುವುದಿಲ್ಲ. ಕಂಪ್ಯೂಟರ್ ತಪ್ಪು ಮಾಡಿಲ್ಲ. ಮೊಮ್ಮಗಳೂ ತಪ್ಪು ಮಾಡಿಲ್ಲ. "ಕೂಡಿ ರೌಂಡ್ ಮಾಡು" ಒಂದು ಪ್ರಶ್ನೆ, "ರೌಂಡ್ ಮಾಡಿ ಕೂಡು" ಇನ್ನೊಂದು ಪ್ರಶ್ನೆ. ರೌಂಡ್(ಸಮ್(ಲೀಟರ್ * ದರ), 2) ಎಂದು ಬರೆದರೆ ಒಂದು ಉತ್ತರ, ಸಮ್(ರೌಂಡ್(ಲೀಟರ್ * ದರ, 2)) ಎಂದು ಬರೆದರೆ ಇನ್ನೊಂದು. ಸಮ್ ಅಂದರೆ ಕೂಡು, 2 ಅಂದರೆ ದಶಾಂಶದ ಎರಡು ಸ್ಥಾನ. ಒಂದೇ ಸಾಫ್ಟ್‌ವೇರಿನಲ್ಲಿ ಚೀಟಿಗೆ ಇದು, ಬಿಲ್ಲಿಗೆ ಅದು ಎಂದು ಮಾಡಿಟ್ಟರೆ ಜಗಳ ಗ್ಯಾರಂಟಿ.

ಹಾಗಾದರೆ ಯಾವುದು ಸರಿ? ಪುಸ್ತಕ ಓದಿದವರು ಥಟ್ಟನೆ "ರೌಂಡ್ ಯಾವಾಗಲೂ ಕೊನೆಗೆ" ಅನ್ನುತ್ತಾರೆ. ಸರಾಸರಿ ಫ್ಯಾಟ್ ತೆಗೆಯುವಾಗ ಅದು ನಿಜ. ಫ್ಯಾಟನ್ನು ಲೀಟರಿನಿಂದ ಗುಣಿಸಿ, ಕೂಡಿ, ಒಟ್ಟು ಲೀಟರಿನಿಂದ ಭಾಗಿಸಿ, ಆಮೇಲೆ ಒಂದೇ ಸಲ ರೌಂಡ್ ಮಾಡಿ. ನಡುವೆ ಕೈ ಹಾಕಬೇಡಿ. ದುಡ್ಡಿನ ಮಾತು ಬೇರೆ. ಚೀಟಿ ಅಚ್ಚಾಗಿ ಜನರ ಕೈಗೆ ಹೋಯಿತು ಅಂದರೆ ಅದರ ಮೇಲಿರುವುದೇ ಮೊತ್ತ. ಅದಕ್ಕೇ ನಾನು ಚೀಟಿ ಬರೆಯುವ ಹೊತ್ತಿಗೇ ರೌಂಡ್ ಮಾಡಿ, ಆ ಮೊತ್ತವನ್ನೇ ಟೇಬಲ್ಲಿನಲ್ಲಿ ಒಂದು ಕಾಲಂ ಮಾಡಿ ಇಡುತ್ತೇನೆ. ಬಿಲ್ ಬರೀ ಆ ಕಾಲಂ ಕೂಡುತ್ತದೆ, ಮತ್ತೆ ಗುಣಿಸುವುದಿಲ್ಲ. ಇದು ನನ್ನ ಪದ್ಧತಿ. ನಿಮ್ಮ ಸಂಘದ ಆಡಿಟರ್ ಬೇರೆ ಹೇಳಿದರೆ ಅವರ ಮಾತು ಕೇಳಿ, ಆದರೆ ಒಂದನ್ನು ಆರಿಸಿಕೊಂಡು ಎಲ್ಲ ಕಡೆ ಅದನ್ನೇ ಇಡಿ.

"ಒಂದು ಪೈಸೆ ತಾನೇ, ಕತ್ತರಿಸಿ ಹಾಕಿ" ಅನ್ನುವವರೂ ಇದ್ದಾರೆ. ಇವರ ಮೇಲೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಮೂರನೇ ಸ್ಥಾನದಲ್ಲಿ 0ಯಿಂದ 9ರವರೆಗೆ ಎಲ್ಲ ಅಂಕೆಗಳೂ ಸಮವಾಗಿ ಬರುತ್ತವೆ ಎಂದುಕೊಳ್ಳಿ. ಸುಮ್ನೆ ಕತ್ತರಿಸಿದರೆ ಚೀಟಿಗೆ ಸರಾಸರಿ 0.45 ಪೈಸೆ ಹೋಗುತ್ತದೆ. 20 ಸಾವಿರ ಚೀಟಿಗೆ 90 ರೂಪಾಯಿ, ಅಷ್ಟೂ ಹಾಲು ಹಾಕಿದವರದ್ದು. ಐದು ಮತ್ತು ಮೇಲಿನದನ್ನು ಮೇಲಕ್ಕೆ ಏರಿಸಿದರೆ ಅಷ್ಟೇ ಚೀಟಿಗೆ ಸಂಘದ ಕೈಯಿಂದ ಹೋಗುವುದು 10 ರೂಪಾಯಿ ಮಾತ್ರ. ಎಸ್‌ಕ್ಯೂಎಲ್ ಸರ್ವರ್ ಎಂಬ ಡೇಟಾಬೇಸಿನಲ್ಲಿ ಈ ಕತ್ತರಿಸುವುದು ಕಣ್ಣಿಗೇ ಬೀಳುವುದಿಲ್ಲ: ರೌಂಡಿಗೆ ಮೂರನೆಯ ಸಂಖ್ಯೆಯಾಗಿ 1 ಕೊಟ್ಟರೆ ಅದು ರೌಂಡ್ ಮಾಡುವುದನ್ನು ಬಿಟ್ಟು ಕತ್ತರಿಸುತ್ತದೆ.

ದುಡ್ಡಿನ ಕಾಲಂ ಫ್ಲೋಟ್ (ದಶಾಂಶವನ್ನು ಅಂದಾಜಾಗಿ ಇಡುವ ಬಗೆ) ಆಗಿದ್ದರೆ ಮೇಲೆ ಹೇಳಿದ್ದು ಯಾವುದೂ ನಿಲ್ಲುವುದಿಲ್ಲ. 1.005 ಎಂದು ನೀವು ಕೊಟ್ಟರೆ ಅದು ಒಳಗೆ ಇಟ್ಟುಕೊಳ್ಳುವುದು 1.00499999999999989 ಎಂಬಂಥ ಸಂಖ್ಯೆ. ಅಜ್ಜಿಯ ಮೊತ್ತ ಹೀಗೆಯೇ 509.04ಕ್ಕೆ ಇಳಿದರೂ ಆಶ್ಚರ್ಯವಿಲ್ಲ. ದಶಾಂಶವನ್ನು ಇದ್ದ ಹಾಗೇ ಇಡುವ ಡೆಸಿಮಲ್ ಮಾಡಿ, ಮುಗಿಯಿತು. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಈ ವಿಷಯದಲ್ಲಿ ಹಳೇ ಮೇಷ್ಟರ ಹಾಗೆ. ಡಬಲ್ ಪ್ರಿಸಿಷನ್ (ಇದೂ ಫ್ಲೋಟಿನ ಬಗೆಯೇ) ಕಾಲಮ್ಮಿಗೆ ಎರಡು ಸ್ಥಾನದ ರೌಂಡ್ ಕೇಳಿದರೆ ಅಂಥ ಫಂಕ್ಷನ್ನೇ ಇಲ್ಲ ಎಂದು ಗದರುತ್ತದೆ. ಮೊದಲು ನ್ಯೂಮೆರಿಕ್ (ಅಲ್ಲಿ ಡೆಸಿಮಲ್ಲಿಗೆ ಇನ್ನೊಂದು ಹೆಸರು) ಮಾಡಿಕೊಂಡು ಹೋಗಬೇಕು. ಬಯ್ಯುವ ಡೇಟಾಬೇಸೇ ವಾಸಿ.

ಇನ್ನೊಂದು ಕಿರಿಕಿರಿ. "ಸಾರ್, 156.5 ಅಂತ ಬರ್ತಿದೆ, 156.50 ಬೇಕು." ಬೇಕಾದರೆ ಡೆಸಿಮಲ್(10,2)ಗೆ ಕಾಸ್ಟ್ ಮಾಡಿ, ಅಂದರೆ ಎರಡು ದಶಾಂಶ ಸ್ಥಾನದ ಸಂಖ್ಯೆಗೆ ಬದಲಿಸಿ. ಹೀಗೆ ಹೇಳಿದ್ದಕ್ಕೆ ಕಿವಿಗೊಡದೆ ಒಬ್ಬ ಹುಡುಗ ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸಿನಲ್ಲಿ ಫಾರ್ಮ್ಯಾಟ್ (ಕಾಮಾ ಹಾಕಿ ತೋರಿಸುವ ಫಂಕ್ಷನ್) ಹಾಕಿದ. ನೋಡಲು ಚೆನ್ನಾಗಿ ಬಂತು: 1,234.50. ಆದರೆ ಫಾರ್ಮ್ಯಾಟ್ ಕೊಡುವುದು ಸಂಖ್ಯೆಯಲ್ಲ, ಅಕ್ಷರ. ಆ ಕಾಲಮ್ಮನ್ನೇ ಹೊರಗಿನ ಕ್ವೆರಿಯಲ್ಲಿ ಕೂಡಿದಾಗ ಮೈಎಸ್‌ಕ್ಯೂಎಲ್ ಮೊದಲ ಕಾಮಾದವರೆಗೆ ಓದಿ ನಿಲ್ಲಿಸಿತು. ಸಾವಿರದ ಇನ್ನೂರ ಮೂವತ್ತನಾಲ್ಕು ರೂಪಾಯಿ ಒಂದು ರೂಪಾಯಿ ಆಯಿತು. ಬಂದದ್ದು ಒಂದು ವಾರ್ನಿಂಗ್, ಅದನ್ನು ಯಾರು ಓದುತ್ತಾರೆ? ಅಂಗಡಿಯ ಯಜಮಾನರು ನನಗೆ ಫೋನ್ ಮಾಡಿ, "ಹೋದ ತಿಂಗಳು ನಾವು ವ್ಯಾಪಾರವನ್ನೇ ಮಾಡಿಲ್ವಾ?" ಅಂದರು. ಅಂದ ಚಂದವೆಲ್ಲ ಪ್ರಿಂಟಿನ ಹೊತ್ತಿಗೆ, ಲೆಕ್ಕ ಮುಗಿದ ಮೇಲೆ.

ಅಂಗಡಿಯವರು ರೂಪಾಯಿಗೆ ರೌಂಡ್ ಮಾಡುವುದನ್ನೂ ಇದರ ಜೊತೆ ಬೆರೆಸುತ್ತಾರೆ. 2017ರ ಕೇಂದ್ರ ಜಿಎಸ್‌ಟಿ ಕಾಯ್ದೆಯ 170ನೇ ಸೆಕ್ಷನ್ ತೆರಿಗೆಯನ್ನು ಹತ್ತಿರದ ರೂಪಾಯಿಗೆ ಮಾಡಿ ಅನ್ನುತ್ತದೆ: 50 ಪೈಸೆ ಮತ್ತು ಮೇಲಿದ್ದರೆ ಏರಿಸಿ, ಕಡಿಮೆಯಿದ್ದರೆ ಬಿಡಿ. ಅದನ್ನು ಬಿಲ್ಲಿನ ಒಂದೊಂದು ಸಾಲಿಗೂ ಹಾಕಬೇಡಿ. ನಿಮ್ಮ ಬಿಲ್ಲಿಗೆ ಅದು ಯಾವ ಹಂತದಲ್ಲಿ ಎಂದು ತೆರಿಗೆ ಸಲಹೆಗಾರರನ್ನು ಕೇಳಿ, ನಾನು ಕ್ವೆರಿ ಬರೆಯುವವನು ಮಾತ್ರ.

25 ಪೈಸೆ ಮತ್ತು ಅದಕ್ಕಿಂತ ಸಣ್ಣ ನಾಣ್ಯಗಳ ಚಲಾವಣೆ 2011ರ ಜೂನ್ 30ಕ್ಕೆ ಮುಗಿಯಿತು, ಇನ್ನು ಪೈಸೆ ಯಾಕೆ ಎಂದು ಕಾರ್ಯದರ್ಶಿಗಳು ವಾದ ಮಾಡಿದರು. ದುಡ್ಡು ಈಗ ಬ್ಯಾಂಕ್ ಖಾತೆಗೆ ಹೋಗುತ್ತದೆ, ಪಾಸ್‌ಬುಕ್ಕಿನಲ್ಲಿ ಪೈಸೆ ಬರುತ್ತದೆ ಅಂದೆ. ಅಜ್ಜಿ ಪಾಸ್‌ಬುಕ್ ಕೂಡ ತಂದಿದ್ದರಂತೆ.

ಕ್ವೆರಿ ಸರಿ ಮಾಡಿ, ಅಷ್ಟೂ ಜನರ ಬಿಲ್ ಮತ್ತೆ ತೆಗೆಸಿದೆವು. ಹೋದ ವಾರ ಅದೇ ಹೊತ್ತಿಗೆ ಅದೇ ನಂಬರಿನಿಂದ ಫೋನ್. "ಸಾರ್, ಲೀಟರನ್ನೂ ರೌಂಡ್ ಮಾಡಿಬಿಡಬಹುದಾ?"

"ಅಜ್ಜಿ ಅಲ್ಲೇ ಇದ್ದಾರಾ?" ಎಂದು ಕೇಳಿದೆ. ಫೋನ್ ಇಟ್ಟರು.