ಇಬ್ಬರೂ ಕಲಿಯುತ್ತಲೇ ಇದ್ದರೆ ಆಟ ಎಲ್ಲಿ ನಿಲ್ಲುತ್ತೆ?

ಪ್ರಶ್ನೆ: ಕಂಪ್ಯೂಟರ್ ತನ್ನ ಜೊತೆ ತಾನೇ ಆಡಿ ಕಲಿಯುತ್ತೆ ಅಂತಾರೆ. ಒಂದು ಕಡೆಯವರು ಆಟ ಬದಲಿಸಿದರೆ ಇನ್ನೊಂದು ಕಡೆಯವರೂ ಬದಲಿಸ್ತಾರೆ. ಹೀಗೆ ಸುತ್ತುತ್ತಲೇ ಇದ್ದರೆ ಕಲಿತಿದ್ದೇನು?
– ಓದುಗರೊಬ್ಬರು, ತುಮಕೂರು

ಸುತ್ತೋದು ನಿಜ. ಆದರೆ ಕೊನೆಯ ಆಟ ನೋಡಬೇಡಿ, ಒಟ್ಟು ಲೆಕ್ಕ ನೋಡಿ.

ತುಮಕೂರಲ್ಲಿ ಹುಣಸೆ ಬೀಜಕ್ಕೇನು ಬರವೇ? ಅದರಲ್ಲೇ ಆಡೋಣ. ನಾನು ಒಂದು ಕೈಯಲ್ಲಿ ಬೀಜ ಬಚ್ಚಿಡುತ್ತೇನೆ, ಯಾವ ಕೈ ಅಂತ ನೀವು ಹೇಳಬೇಕು. ಬಲಗೈ ಅಂತ ಸರಿಯಾಗಿ ಹೇಳಿದರೆ ನನ್ನಿಂದ ನಿಮಗೆ 2 ಬೀಜ, ಎಡಗೈ ಅಂತ ಸರಿಯಾಗಿ ಹೇಳಿದರೆ 1. ತಪ್ಪಿದರೆ ಏನೂ ಇಲ್ಲ. ಎದುರಿನವರು ಇಲ್ಲಿವರೆಗೆ ಯಾವ ಕೈ ಎಷ್ಟು ಸಲ ಆರಿಸಿದರು ಅಂತ ಇಬ್ಬರೂ ಎಣಿಸಿಕೊಂಡು, ಅದಕ್ಕೆ ತಕ್ಕಂತೆ ಆಡುತ್ತೇವೆ.

ಮೊದಲ ಆಟದಲ್ಲಿ ಇಬ್ಬರದೂ ಬಲ ಅಂದುಕೊಳ್ಳಿ. 2 ಬೀಜ ಹೋಯಿತು, ನಾನು ಎಡಕ್ಕೆ ಹಾರಿದೆ. ನೀವು ಇನ್ನೂ ಬಲದಲ್ಲೇ ಇದ್ದೀರಿ. ಮೂರು ಆಟ ಮುಗಿದಾಗ ನಿಮ್ಮ ಲೆಕ್ಕದಲ್ಲಿ ಎರಡು ಕೈಯೂ ಸಮ: ಬಲ ಒಂದೇ ಸಲ ಬಂದಿದೆ, ಆದರೆ ಬೆಲೆ 2, ಎಡ ಎರಡು ಸಲ, ಬೆಲೆ 1. ನೀವೂ ಎಡಕ್ಕೆ ಬರುತ್ತೀರಿ. ನಿಮ್ಮ ‘ಎಡ’ಗಳು ಸಾಕಷ್ಟು ಸೇರಿದ ಮೇಲೆ ನಾನು ಮತ್ತೆ ಬಲಕ್ಕೆ. ಈ ಓಡಾಟ ಮುಗಿಯೋದೇ ಇಲ್ಲ. ಆದರೆ ಇಬ್ಬರ ಸರಾಸರಿಯೂ ಒಂದೇ ಕಡೆ ಕೂರುತ್ತೆ: ಮೂರರಲ್ಲಿ ಒಂದು ಪಾಲು ಬಲ, ಎರಡು ಪಾಲು ಎಡ. ಜಾಸ್ತಿ ಬೀಜ ಸಿಗುವ ಕೈಯನ್ನೇ ನೀವು ಕಡಿಮೆ ಸಲ ಹೇಳಬೇಕು, ವಿಚಿತ್ರ ಅಲ್ವಾ? ಹಾಗೆ ಆಡಿದರೆ ನಾನು ಎಲ್ಲಿ ಬಚ್ಚಿಟ್ಟರೂ ಮೂರು ಆಟಕ್ಕೆ ಸರಾಸರಿ 2 ಬೀಜ ನಿಮ್ಮದೇ.

1951ರಲ್ಲಿ ಗಣಿತಜ್ಞ ಜಾರ್ಜ್ ಬ್ರೌನ್ ಈ ವಿಧಾನ ಮುಂದಿಟ್ಟರು. ಸರಾಸರಿ ನೆಲೆಗೆ ಬಂದೇ ಬರುತ್ತೆ ಅಂತ ಅದೇ ವರ್ಷ ಗಣಿತಜ್ಞೆ ಜೂಲಿಯಾ ರಾಬಿನ್ಸನ್ ಸಾಧಿಸಿದರು. ಒಬ್ಬರ ಲಾಭ ಇನ್ನೊಬ್ಬರ ನಷ್ಟವಾಗುವ ಇಬ್ಬರ ಆಟಕ್ಕೆ ಮಾತ್ರ ಈ ಮಾತು. ಬೇರೆ ಆಟಗಳಲ್ಲಿ ಸರಾಸರಿಯೂ ಸುತ್ತಬಹುದು ಅಂತ 1964ರಲ್ಲಿ ಗಣಿತಜ್ಞ ಲಾಯ್ಡ್ ಶೇಪ್ಲಿ ತೋರಿಸಿದರು.

ಪೋಕರ್‌ನಂಥ ದೊಡ್ಡ ಆಟಕ್ಕೆ ಸುಮ್ನೆ ಎಣಿಸಿದರೆ ಸಾಲದು. 2007ರಲ್ಲಿ ಬಂದ ವಿಧಾನದಲ್ಲಿ ಪ್ರತಿ ಹಂತದಲ್ಲೂ ‘ಇದರ ಬದಲು ಅದನ್ನು ಆಡಿದ್ದರೆ ಎಷ್ಟು ಜಾಸ್ತಿ ಸಿಗ್ತಿತ್ತು’ ಅಂತ ಕೂಡಿಸಿಡುತ್ತಾರೆ. ಹೆಚ್ಚು ಕೊರಗು ಉಳಿಸಿದ ನಡೆಯನ್ನು ಮುಂದೆ ಹೆಚ್ಚು ಸಲ ಆಡುತ್ತಾರೆ. ಇದರ ಸುಧಾರಿತ ರೂಪದಿಂದಲೇ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ತಂಡ 2015ರಲ್ಲಿ ಇಬ್ಬರೇ ಆಡುವ ‘ಲಿಮಿಟ್ ಹೋಲ್ಡೆಮ್’ ಪೋಕರ್ (ಪಣಕ್ಕೆ ಮಿತಿಯಿರುವ ಬಗೆ) ಅನ್ನು ಹೆಚ್ಚುಕಡಿಮೆ ಪೂರ್ತಿ ಬಿಡಿಸಿತು. ಅಲ್ಲಿ ಸರಾಸರಿಯೂ ಬೇಕಾಗಲಿಲ್ಲ, ಕೊನೆಗೆ ಕೈಗೆ ಬಂದ ತಂತ್ರವೇ ಸಾಕಾಯಿತು. ಆದರೆ ನೀವೇ ಪ್ರೋಗ್ರಾಂ ಬರೆದು ನೋಡುವುದಾದರೆ ಸರಾಸರಿಯನ್ನೇ ಉಳಿಸಿಕೊಳ್ಳಿ. ಸಾಧಿಸಿದ ಭರವಸೆ ಇರೋದು ಅದಕ್ಕೇ.