ಏರ್‌ಕೂಲ್ಡ್ ರೇಸ್ ಇಂಜಿನ್ ಓವರ್‌ಹಾಲ್: ತಣ್ಣಗಿದ್ದಾಗ ಅಳತೆ, ಬಿಸಿಯಾದಾಗ ಓಟ

ಗಾಳಿಯಿಂದ ತಂಪಾಗುವ (ಏರ್‌ಕೂಲ್ಡ್) ರೇಸ್ ಇಂಜಿನ್ನನ್ನು ಬಿಚ್ಚಿ, ಅಳೆದು, ಮತ್ತೆ ಜೋಡಿಸುವ ಓವರ್‌ಹಾಲ್ ಕೆಲಸದ ಈ ಟಿಪ್ಪಣಿಗೆ ಆಧಾರ ಫೋಕ್ಸ್‌ವ್ಯಾಗನ್ ಬೀಟಲ್‌ನ ನಾಲ್ಕು ಸಿಲಿಂಡರ್ ಇಂಜಿನ್. ಹೋಲಿಕೆ ಬೇಕಾದ ಕಡೆ ಪೋರ್ಷೆ 911ರ ಆರು ಸಿಲಿಂಡರ್ ಇಂಜಿನ್ ಬರುತ್ತದೆ. ಬೀಟಲ್ ಇಂಜಿನ್ ಆರಿಸಿಕೊಳ್ಳಲು ಕಾರಣ ಸರಳ: ಇದರ ಮೇಲೆಯೇ ಒಂದು ಇಡೀ ರೇಸಿಂಗ್ ವರ್ಗ ಬೆಳೆದಿದೆ. 1963ರಲ್ಲಿ ಅಮೆರಿಕದ ಎಸ್‌ಸಿಸಿಎ ಎಂಬ ಮೋಟಾರ್ ರೇಸಿಂಗ್ ಸಂಸ್ಥೆ ಮಾನ್ಯ ಮಾಡಿದ ಫಾರ್ಮುಲಾ ವೀ ಕಾರುಗಳಲ್ಲಿ ಇದ್ದದ್ದು ಬೀಟಲ್‌ನ 1192 ಸಿಸಿ ಇಂಜಿನ್, ಅಂದರೆ 77 ಮಿ.ಮೀ. ಬೋರ್ (ಸಿಲಿಂಡರ್ ಒಳವ್ಯಾಸ), 64 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ). ನಿಕಿ ಲಾಡಾ, ಎಮರ್ಸನ್ ಫಿಟ್ಟಿಪಾಲ್ಡಿ ಇಬ್ಬರೂ ಫಾರ್ಮುಲಾ ಒನ್‌ಗೆ ಹೋಗುವ ಮುಂಚೆ ಈ ವರ್ಗದಲ್ಲಿ ಓಡಿಸಿದವರು.

ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲು ನಿಮ್ಮ ವರ್ಗದ ನಿಯಮಪುಸ್ತಕ ಓದಿ. ಅಂತರರಾಷ್ಟ್ರೀಯ ಐತಿಹಾಸಿಕ ರೇಸ್‌ಗಳಲ್ಲಿ ವಿಶ್ವ ಮೋಟಾರ್ ರೇಸಿಂಗ್ ಸಂಸ್ಥೆ ಎಫ್‌ಐಎಯ ‘ಅಪೆಂಡಿಕ್ಸ್ ಕೆ’ ನಿಯಮಾವಳಿ ಅನ್ವಯಿಸುತ್ತದೆ. ಕಾರು ಅದರ ಕಾಲದಲ್ಲಿ ಹೇಗಿತ್ತೋ ಹಾಗೇ ಇರಬೇಕೆಂಬುದು ಅದರ ತಿರುಳು. ಒಳ್ಳೆಯ ಕ್ರ್ಯಾಂಕ್ (ಪಿಸ್ಟನ್‌ಗಳ ಓಡಾಟವನ್ನು ತಿರುಗಾಟವಾಗಿಸುವ ದಂಡ) ತಂದು ಹಾಕಿದ ಮೇಲೆ ಅದಕ್ಕೆ ಅನುಮತಿಯೇ ಇಲ್ಲವೆಂದು ತಿಳಿದರೆ ದುಡ್ಡೂ ಹೋಯಿತು, ಕೆಲಸವೂ ಹೋಯಿತು.

ಹಿಗ್ಗುವ ಲೆಕ್ಕ

ಉಳಿದದ್ದೆಲ್ಲ ನಿಂತಿರುವುದು ಈ ಲೆಕ್ಕದ ಮೇಲೆ. 100 ಮಿ.ಮೀ. ಉದ್ದದ ತುಂಡನ್ನು 100 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಬಿಸಿ ಮಾಡಿದರೆ ಮೆಗ್ನೀಸಿಯಂ ಸುಮಾರು 0.26 ಮಿ.ಮೀ. ಹಿಗ್ಗುತ್ತದೆ, ಅಲ್ಯೂಮಿನಿಯಂ 0.23, ಸ್ಟೀಲ್ 0.12, ಬೀಡು ಕಬ್ಬಿಣ ಅದಕ್ಕಿಂತ ತುಸು ಕಡಿಮೆ. ಬೀಟಲ್ ಇಂಜಿನ್‌ನಲ್ಲಿ ಕೇಸ್ (ಕ್ರ್ಯಾಂಕ್ ಕೂರುವ ಕವಚ) ಮೆಗ್ನೀಸಿಯಂ, ಹೆಡ್ (ಸಿಲಿಂಡರ್‌ನ ಮುಚ್ಚಳ) ಅಲ್ಯೂಮಿನಿಯಂ, ಬ್ಯಾರೆಲ್ (ಪಿಸ್ಟನ್ ಓಡುವ ಸಿಲಿಂಡರ್) ಬೀಡು ಕಬ್ಬಿಣ, ಸ್ಟಡ್ (ಹೆಡ್ಡನ್ನು ಕೇಸ್‌ಗೆ ಬಿಗಿಯುವ ಉದ್ದ ಬೋಲ್ಟ್) ಮತ್ತು ಕ್ರ್ಯಾಂಕ್ ಸ್ಟೀಲ್. ನಾಲ್ಕು ಲೋಹ, ನಾಲ್ಕು ಬಗೆಯ ಹಿಗ್ಗು. ನೀರಿನಿಂದ ತಂಪಾಗುವ ಇಂಜಿನ್‌ನಲ್ಲಿ ನೀರು ಶಾಖವನ್ನು ಒಂದು ಮಿತಿಯಲ್ಲಿ ಹಿಡಿದಿಡುತ್ತದೆ. ಇಲ್ಲಿ ಆ ಕಟ್ಟು ಇಲ್ಲ. ಹೆಡ್ 200 ಡಿಗ್ರಿ ಹತ್ತಿರ ಇರುವಾಗಲೇ ಕೇಸ್ 100ರ ಆಸುಪಾಸಿನಲ್ಲಿರಬಹುದು. ಹಾಗಾಗಿ ಬೆಂಚಿನ ಮೇಲೆ ಸಿಗುವ ಯಾವ ಅಳತೆಯೂ ಓಡುವ ಇಂಜಿನ್‌ನ ಅಳತೆಯಲ್ಲ. ಪ್ರತಿ ಹಂತದಲ್ಲೂ ‘ಇದು ಬಿಸಿಯಾದರೆ ಬಿಗಿಯಾಗುತ್ತದೋ, ಸಡಿಲವಾಗುತ್ತದೋ?’ ಎಂದು ಕೇಳಿಕೊಂಡರೆ ಕೈಪಿಡಿಯ ಅರ್ಧ ಸೂಚನೆಗಳಿಗೆ ಕಾರಣ ತಾನಾಗಿ ಹೊಳೆಯುತ್ತದೆ.

ಕೇಸ್

ಕೇಸ್ ಎರಡು ಹೋಳು. ನಡುವೆ ಗ್ಯಾಸ್ಕೆಟ್ ಇಲ್ಲ, ತೆಳುವಾಗಿ ಸವರಿದ ಸೀಲಂಟ್ ಮಾತ್ರ. ಕ್ರ್ಯಾಂಕನ್ನು ಹಿಡಿಯುವ ಮೇನ್ ಬೇರಿಂಗ್ ನಾಲ್ಕು. ಅವುಗಳಲ್ಲಿ ಎರಡನೆಯದು ಮಾತ್ರ ಇಬ್ಭಾಗವಾದ ಶೆಲ್, ಉಳಿದ ಮೂರು ಇಡೀ ಉಂಗುರ. ಮೊದಲ ಮೂರು ಬೇರಿಂಗ್ ಕೂರುವ ಗೂಡಿನ ವ್ಯಾಸ 65 ಮಿ.ಮೀ. ಮೇಲಿನ ಲೆಕ್ಕ ಹಾಕಿ: 80 ಡಿಗ್ರಿ ಬಿಸಿಯೇರಿದರೆ ಮೆಗ್ನೀಸಿಯಂ ಗೂಡು ಸ್ಟೀಲ್‌ಗಿಂತ ಸುಮಾರು 0.07 ಮಿ.ಮೀ. ಹೆಚ್ಚು ಅಗಲವಾಗುತ್ತದೆ. ತಣ್ಣಗಿದ್ದಾಗ ಗಟ್ಟಿಯಾಗಿ ಹಿಡಿದುಕೊಂಡಿದ್ದ ಎರಡನೇ ಬೇರಿಂಗ್ ಬಿಸಿಯಲ್ಲಿ ಅಲ್ಲಾಡಲು ಶುರುಮಾಡುತ್ತದೆ. ಇದರ ಮೇಲೆ ಇನ್ನೊಂದು ತೊಂದರೆ: ಬೀಟಲ್‌ನ ಮೂಲ ಕ್ರ್ಯಾಂಕಿಗೆ ಕೌಂಟರ್‌ವೇಟ್ (ತೂಕ ಸರಿದೂಗಿಸುವ ಭಾರ) ಇಲ್ಲ, ರೇಸ್ ವೇಗದಲ್ಲಿ ಅದು ನಡುವೆ ಬಾಗುತ್ತದೆ. ಆ ಪೆಟ್ಟೆಲ್ಲ ಎರಡನೇ ಗೂಡಿಗೇ.

ಪರೀಕ್ಷಿಸುವುದು ಹೀಗೆ: ಶೆಲ್ ತೆಗೆದು ಗೂಡನ್ನು ಒರೆಸಿ, ಉಗುರನ್ನು ಅಡ್ಡಡ್ಡ ಎಳೆಯಿರಿ. ಶೆಲ್‌ನ ಆಯಿಲ್ ತೂತು, ಕಾಲುವೆಗಳ ನೇರಕ್ಕೆ ಮೆಗ್ನೀಸಿಯಂ ಉಬ್ಬಿ ನಿಂತು ಉಗುರಿಗೆ ತಡೆದರೆ ಸುತ್ತಲಿನ ಜಾಗ ಪೆಟ್ಟು ತಿಂದು ತಗ್ಗಿದೆ ಎಂದೇ ಅರ್ಥ. ಆಗ ಲೈನ್ ಬೋರಿಂಗ್ (ಗೂಡುಗಳನ್ನು ಒಂದೇ ನೇರದಲ್ಲಿ ಕೊರೆದು ಅಗಲಿಸುವುದು) ಮಾಡಿಸಿ ಹೊರವ್ಯಾಸ ದೊಡ್ಡದಿರುವ ಬೇರಿಂಗ್ ಹಾಕಬೇಕು, 0.5 ಮತ್ತು 1.0 ಮಿ.ಮೀ. ದೊಡ್ಡವು ಸಿಗುತ್ತವೆ. ಕಣ್ಣಿಗೆ ಚೆನ್ನಾಗಿ ಕಂಡಿತೆಂದು ಈ ಪರೀಕ್ಷೆ ಬಿಡುವುದನ್ನು ನಾನು ಒಪ್ಪುವುದಿಲ್ಲ. ಇಲ್ಲಿ ಉಳಿಸಿದ ದುಡ್ಡು ಮುಂದೆ ಆಯಿಲ್ ಪ್ರೆಶರ್ ಬೀಳುವ ರೂಪದಲ್ಲಿ ಬಡ್ಡಿ ಸಮೇತ ಹೋಗುತ್ತದೆ.

ಹೆಡ್ ಸ್ಟಡ್‌ಗಳದ್ದು ಇದಕ್ಕೆ ತಿರುಗುಮುರುಗು. ಅಲ್ಯೂಮಿನಿಯಂ ಹೆಡ್, ಸ್ಟಡ್‌ಗಿಂತ ಹೆಚ್ಚು ಬಿಸಿಯಾಗುವ ಬ್ಯಾರೆಲ್ ಹಿಗ್ಗಿದಷ್ಟು ಸ್ಟೀಲ್ ಸ್ಟಡ್ ಹಿಗ್ಗುವುದಿಲ್ಲ. ಬಿಸಿಯಾದಂತೆ ಸ್ಟಡ್‌ನ ಎಳೆತ ಏರಿ ಕೇಸ್‌ನ ಥ್ರೆಡ್ಡನ್ನೇ ಕಿತ್ತುಕೊಂಡು ಬರುತ್ತದೆ. ಮೆಗ್ನೀಸಿಯಂ ಕೇಸ್‌ನ 2.7 ಲೀಟರ್ 911 ಇಂಜಿನ್‌ಗಳಿಗೆ ಈ ವಿಷಯದಲ್ಲಿ ಕೆಟ್ಟ ಹೆಸರಿದೆ. ಅದಕ್ಕೇ ಕೇಸ್‌ನಲ್ಲಿ ಥ್ರೆಡ್ ಇರುವ ಸ್ಟೀಲ್ ಇನ್ಸರ್ಟ್ ಕೂರಿಸುವುದು ರೂಢಿ. ಬೀಟಲ್‌ನಲ್ಲಿ ಹಳೆಯ ಕೇಸ್‌ಗಳಿಗೆ 10 ಮಿ.ಮೀ. ಸ್ಟಡ್, ನಂತರದವಕ್ಕೆ 8 ಮಿ.ಮೀ. ತೆಳುವಾದದ್ದು ದುರ್ಬಲ ಅನ್ನಿಸುವುದು ಸಹಜ. ಆದರೆ ತೆಳು ಸ್ಟಡ್ ಎಳೆತಕ್ಕೆ ಸ್ಪ್ರಿಂಗ್‌ನಂತೆ ಹೆಚ್ಚು ಚಾಚಿಕೊಳ್ಳುವುದರಿಂದ ಬಿಸಿಯಲ್ಲಿ ಎಳೆತ ಅಷ್ಟು ಏರುವುದಿಲ್ಲ, ಥ್ರೆಡ್ ಉಳಿಯುತ್ತದೆ. ಬಿಗಿಯುವ ಬಲ (ಟಾರ್ಕ್) ಕೂಡ ಬೇರೆ: 10 ಮಿ.ಮೀ.ಗೆ ಸುಮಾರು 31 ನ್ಯೂಟನ್ ಮೀಟರ್, 8 ಮಿ.ಮೀ.ಗೆ 25. ‘ಇನ್ನೊಂಚೂರು ಇರಲಿ’ ಎಂದು ಎಳೆಯುವ ಚಾಳಿಯನ್ನು ಈ ಇಂಜಿನ್ ಮುಂದೆ ಬಿಡಬೇಕು.

ಕ್ರ್ಯಾಂಕ್‌ನ ಎಂಡ್ ಪ್ಲೇ

ಕ್ರ್ಯಾಂಕ್ ಹಿಂದೆ ಮುಂದೆ ಸರಿಯುವ ಅಂತರ 0.07ರಿಂದ 0.13 ಮಿ.ಮೀ. ಒಳಗಿರಬೇಕು. ಇದನ್ನು ಹಿಡಿಯುವುದು ಫ್ಲೈವೀಲ್ ಕಡೆಯ ಒಂದನೇ ಬೇರಿಂಗ್, ಹೊಂದಿಸುವುದು ಮೂರು ಶಿಮ್ (ತೆಳು ಲೋಹದ ಉಂಗುರ). ಆಯಿಲ್ ಸೀಲ್ ಹಾಕದೆ, ಎರಡೇ ಶಿಮ್ ಇಟ್ಟು ಫ್ಲೈವೀಲ್ ಬಿಗಿ ಮಾಡಿ ಡಯಲ್ ಗೇಜ್‌ನಲ್ಲಿ ಅಳೆಯಿರಿ. 0.46 ಬಂದಿತು ಎನ್ನಿ. ನಮಗೆ ಬೇಕಾದ್ದು 0.10. ಹಾಗಾದರೆ ಮೂರನೇ ಶಿಮ್ 0.36. ಅದನ್ನು ಸೇರಿಸಿ ಮತ್ತೊಮ್ಮೆ ಅಳೆದ ನಂತರವೇ ಸೀಲ್. ಎರಡು ದಪ್ಪ ಶಿಮ್‌ನಲ್ಲೇ ಲೆಕ್ಕ ಸರಿಹೋದರೂ ಮೂರೇ ಇರಬೇಕು.

ಪಿಸ್ಟನ್, ಬ್ಯಾರೆಲ್, ಕಂಪ್ರೆಷನ್

ಪಿಸ್ಟನ್ ಅಲ್ಯೂಮಿನಿಯಂ, ಬ್ಯಾರೆಲ್ ಕಬ್ಬಿಣ. ಬಿಸಿಯಲ್ಲಿ ಇವೆರಡರ ನಡುವಿನ ಗ್ಯಾಪ್ ಕಿರಿದಾಗುತ್ತದೆ. ಮೂಲ ಇಂಜಿನ್‌ಗೆ ಹೊಸದರಲ್ಲಿ 0.04ರಿಂದ 0.06 ಮಿ.ಮೀ. ಫೋರ್ಜ್ಡ್ (ಎರಕದ ಬದಲು ಬಡಿದು ಮಾಡಿದ) ಪಿಸ್ಟನ್ ಹೆಚ್ಚು ಹಿಗ್ಗುವುದರಿಂದ ಇನ್ನೂ ಜಾಸ್ತಿ ಕೇಳುತ್ತದೆ. ಅದಕ್ಕೆ ತಯಾರಕರು ಕೊಟ್ಟ ಅಂಕಿಯೇ ಪ್ರಮಾಣ. ಪಿಸ್ಟನ್ ಪೂರ್ತಿ ದುಂಡಗಿರುವುದಿಲ್ಲ, ಮೇಲ್ಭಾಗ ಕಿರಿದು ಕೂಡ. ಸ್ಕರ್ಟ್‌ನ ಕೆಳಭಾಗದಲ್ಲಿ, ಪಿನ್‌ಗೆ ಅಡ್ಡವಾಗಿ ಅಳೆಯಬೇಕು.

ಕಂಪ್ರೆಷನ್ ರೇಷಿಯೋವನ್ನು (ಪಿಸ್ಟನ್ ಮೇಲೇರಿದಾಗ ಒಳಗಿನ ಗಾಳಿ ಎಷ್ಟು ಪಟ್ಟು ಒತ್ತಿಹೋಗುತ್ತದೆ ಎಂಬ ಲೆಕ್ಕ) ಪೆಟ್ಟಿಗೆಯ ಮೇಲಿನ ಅಂಕಿ ನಂಬಿ ಬರೆದುಕೊಳ್ಳಬೇಡಿ. ಹೆಡ್ಡನ್ನು ಮಟ್ಟವಾಗಿ ಮಗುಚಿಟ್ಟು, ತೂತಿರುವ ಪಾರದರ್ಶಕ ತಟ್ಟೆಯನ್ನು ತುಸು ಗ್ರೀಸ್ ಹಚ್ಚಿ ದಹನ ನಡೆಯುವ ಛೇಂಬರ್ ಮೇಲೆ ಮುಚ್ಚಿ, ಬ್ಯುರೆಟ್‌ನಿಂದ ದ್ರವ ಬಿಟ್ಟು ಎಷ್ಟು ಸಿಸಿ ಹಿಡಿಯಿತೆಂದು ನೋಡಿ. ಉದಾಹರಣೆಗೆ 1584 ಸಿಸಿ ಇಂಜಿನ್ (85.5 × 69 ಮಿ.ಮೀ.) ತೆಗೆದುಕೊಳ್ಳೋಣ. ಒಂದು ಸಿಲಿಂಡರ್ 396 ಸಿಸಿ. ಛೇಂಬರ್ 50 ಸಿಸಿ. ಪಿಸ್ಟನ್ ತುದಿ ಬ್ಯಾರೆಲ್ ಅಂಚಿನಿಂದ 1.25 ಮಿ.ಮೀ. ಕೆಳಗೆ ನಿಂತರೆ ಆ ಜಾಗ 7.2 ಸಿಸಿ. ಒಟ್ಟು 57.2. ಈಗ 396ಕ್ಕೆ 57.2 ಕೂಡಿಸಿ 57.2ರಿಂದ ಭಾಗಿಸಿದರೆ 7.9. ಇದನ್ನು 9ಕ್ಕೆ ಏರಿಸಬೇಕಾದರೆ ಮೇಲೆ ಉಳಿಯುವ ಜಾಗ 49.5 ಸಿಸಿ ಮಾತ್ರ, ಛೇಂಬರ್ 42.3ಕ್ಕೆ ಇಳಿಯಬೇಕು. ಪಿಸ್ಟನ್ ಮೇಲಿನ ಅಂತರವನ್ನೇ ಸವೆಸಿ ಇದನ್ನು ಸಾಧಿಸಲು ಹೋದರೆ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ರಾಡ್ ಹಿಗ್ಗಿ, ಕ್ರ್ಯಾಂಕ್ ಬಾಗಿ ಪಿಸ್ಟನ್ ಹೆಡ್ಡಿಗೆ ಬಡಿಯುವ ಅಪಾಯವಿದೆ.

ಬ್ಯಾರೆಲ್ ಮತ್ತು ಹೆಡ್ ನಡುವೆ ಸಾಮಾನ್ಯವಾಗಿ ಗ್ಯಾಸ್ಕೆಟ್ ಇರುವುದಿಲ್ಲ, ಲೋಹಕ್ಕೆ ಲೋಹವೇ ಸೀಲ್. ಒಂದೇ ಹೆಡ್ ಕೆಳಗಿನ ಎರಡು ಬ್ಯಾರೆಲ್ ಎತ್ತರ ಸಮ ಇಲ್ಲದಿದ್ದರೆ ಒಂದು ಸೋರುವುದು ಖಚಿತ.

ಹೆಡ್ ಮತ್ತು ಪುಶ್‌ರಾಡ್

ಬಿರುಕು ಹುಡುಕಬೇಕಾದ ಜಾಗ ವಾಲ್ವ್ ಸೀಟ್ ಮತ್ತು ಸ್ಪಾರ್ಕ್ ಪ್ಲಗ್ ತೂತಿನ ನಡುವೆ. ಹೆಡ್‌ನ ರೆಕ್ಕೆಗಳ ಸಂದಿಯಲ್ಲಿ ಎರಕದ ಕಾಲದ ಸಿಪ್ಪೆ ಉಳಿದು ಗಾಳಿಯ ದಾರಿ ಮುಚ್ಚಿರುತ್ತದೆ. ಬೆಳಕಿಗೆ ಹಿಡಿದು ನೋಡಿ, ಅರದಿಂದ ಬಿಡಿಸಿ. ಪವರ್ ಹೆಚ್ಚಿಸುವ ಎಷ್ಟೋ ದುಬಾರಿ ಕೆಲಸಗಳಿಗಿಂತ ಇದು ಮೇಲು.

ಕ್ಯಾಮ್‌ನ ಚಲನೆಯನ್ನು ವಾಲ್ವ್ ಕಡೆಗೆ ಮುಟ್ಟಿಸುವ ಪುಶ್‌ರಾಡ್‌ನಲ್ಲಿ ಮತ್ತೆ ಅದೇ ಹಿಗ್ಗಿನ ಲೆಕ್ಕ. ಮೂಲದವು ಅಲ್ಯೂಮಿನಿಯಂ, ಇಂಜಿನ್ ಜೊತೆಜೊತೆಗೇ ಉದ್ದವಾಗುತ್ತವೆ. ತಣ್ಣಗಿದ್ದಾಗ ಟ್ಯಾಪೆಟ್ ಗ್ಯಾಪ್ (ವಾಲ್ವ್ ಮುಚ್ಚಿದಾಗ ಅದರ ತುದಿಯಲ್ಲಿ ಬಿಡುವ ಸಂದು) 0.15 ಮಿ.ಮೀ. ರೇಸ್‌ಗೆಂದು ಕ್ರೋಮೋಲಿ ಎಂಬ ಗಟ್ಟಿ ಸ್ಟೀಲ್‌ನ ಪುಶ್‌ರಾಡ್ ಹಾಕಿದರೆ ಇಂಜಿನ್ ಹಿಗ್ಗಿದಷ್ಟು ಅವು ಹಿಗ್ಗುವುದಿಲ್ಲ, ಬಿಸಿಯಲ್ಲಿ ಗ್ಯಾಪ್ ತಾನೇ ತೆರೆದುಕೊಳ್ಳುತ್ತದೆ. ಆದ್ದರಿಂದ ತಣ್ಣಗೆ ಸೊನ್ನೆ ಗ್ಯಾಪ್: ಪುಶ್‌ರಾಡ್ ಬೆರಳಲ್ಲಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು.

ಗಾಳಿ, ಆಯಿಲ್

ಬ್ಯಾರೆಲ್ ಕೆಳಗಿನ ತಗಡುಗಳು ನೋಡಲು ಬೇಡದ ವಸ್ತುವಿನಂತೆ ಕಾಣುತ್ತವೆ. ಗಾಳಿ ಬ್ಯಾರೆಲ್‌ನ ಹಿಂಬದಿಯನ್ನೂ ಸವರಿಕೊಂಡು ಹೋಗುವುದು ಅವುಗಳಿಂದಲೇ. ಫ್ಯಾನ್ ಬಳಸುವ ಇಂಜಿನ್‌ನಲ್ಲಿ ಒಂದನ್ನೂ ಬಿಡಬೇಡಿ. ಹಳೆಯ ಮಾದರಿಯಲ್ಲಿ ಆಯಿಲ್ ಕೂಲರ್ ಫ್ಯಾನ್ ಗೂಡಿನ ಒಳಗೇ ನಿಂತು ಮೂರನೇ ಸಿಲಿಂಡರ್‌ಗೆ ಹೋಗುವ ಗಾಳಿಯನ್ನು ಬಿಸಿ ಮಾಡುತ್ತಿತ್ತು. 1971ರ ಮಾದರಿಯಿಂದ ಅದನ್ನು ಹೊರಕ್ಕೆ ಸರಿಸಿದರು. ನಿಯಮದಲ್ಲಿ ಅನುಮತಿ ಇದ್ದರೆ ಈ ಬದಲಾವಣೆ ಮಾಡಿಕೊಳ್ಳಿ.

ಮೂಲ ಇಂಜಿನ್‌ನಲ್ಲಿ 2.5 ಲೀಟರ್ ಆಯಿಲ್, ಜಾಲರಿ ಬಿಟ್ಟರೆ ಫಿಲ್ಟರ್ ಇಲ್ಲ. ಉದ್ದನೆಯ ತಿರುವಿನಲ್ಲಿ ಆಯಿಲ್ ಒಂದು ಬದಿಯ ಹೆಡ್ ಕಡೆಗೆ ಹರಿದು ಪಂಪ್ ಗಾಳಿ ಹೀರುತ್ತದೆ. ಡೀಪ್ ಸಂಪ್ (ಆಳವಾದ ಆಯಿಲ್ ತೊಟ್ಟಿ) ಕನಿಷ್ಠ ಪರಿಹಾರ, ಡ್ರೈ ಸಂಪ್ (ಆಯಿಲನ್ನು ಬೇರೆ ಟ್ಯಾಂಕಿನಲ್ಲಿಡುವ ಏರ್ಪಾಡು) ಉತ್ತಮ.

ಮೊದಲ ಸ್ಟಾರ್ಟ್

ಪ್ಲಗ್ ತೆಗೆದು, ಪ್ರೆಶರ್ ಗೇಜ್ ಏರುವ ತನಕ ಸ್ಟಾರ್ಟರ್‌ನಲ್ಲಿ ತಿರುಗಿಸಿ. ಹೊಸ ಕ್ಯಾಮ್ ಮತ್ತು ಟ್ಯಾಪೆಟ್ ಇದ್ದರೆ ಸ್ಟಾರ್ಟ್ ಆದ ತಕ್ಷಣ ಐಡಲ್‌ನಲ್ಲಿ ಬಿಡದೆ 2000 ಆರ್‌ಪಿಎಂ ಆಸುಪಾಸಿನಲ್ಲಿ ಇಪ್ಪತ್ತು ನಿಮಿಷ ಓಡಿಸಬೇಕು. ಜಿಂಕ್ ಅಂಶ ಹೆಚ್ಚಿರುವ ಆಯಿಲ್ ಇರಲಿ. ಬಿಸಿಯಾದ ಮೇಲೆ ನೋಡಬೇಕಾದ ಅಂಕಿ: ಎಸ್‌ಎಇ 30 ಆಯಿಲ್, 70 ಡಿಗ್ರಿ, 2500 ಆರ್‌ಪಿಎಂನಲ್ಲಿ ಆಯಿಲ್ ಪ್ರೆಶರ್ ಕನಿಷ್ಠ 28 ಪಿಎಸ್‌ಐ. ಇಗ್ನಿಷನ್‌ನ ಒಟ್ಟು ಅಡ್ವಾನ್ಸನ್ನು (ಪಿಸ್ಟನ್ ಮೇಲ್ತುದಿ ಮುಟ್ಟುವುದಕ್ಕಿಂತ ಎಷ್ಟು ಮುಂಚೆ ಕಿಡಿ ಹಾರುತ್ತದೆ ಎಂಬುದು) 28ರಿಂದ 32 ಡಿಗ್ರಿಯೊಳಗೆ ಇಟ್ಟು, ಪ್ಲಗ್ ವಾಷರ್ ಕೆಳಗೆ ಹೆಡ್ ಟೆಂಪರೇಚರ್ ಸೆನ್ಸರ್ ಹಾಕಿ. ಮೂರನೇ ಸಿಲಿಂಡರ್‌ನಲ್ಲಿ ಹಾಕುವುದೇ ಲೇಸು. ಆಮೇಲೆ ಇಂಜಿನ್ ರಾತ್ರಿಯಿಡೀ ತಣಿದ ಮೇಲೆ ಟ್ಯಾಪೆಟ್ ಗ್ಯಾಪ್ ಮತ್ತೆ ನೋಡಿ, ಆಯಿಲ್ ಇಳಿಸಿ ಜಾಲರಿಯಲ್ಲಿ ಲೋಹದ ಪುಡಿ ಇದೆಯೇ ಎಂದು ಹುಡುಕಿ. ಅಯಸ್ಕಾಂತಕ್ಕೆ ಅಂಟಿದರೆ ಕ್ಯಾಮ್, ಟ್ಯಾಪೆಟ್ ಕಡೆ ಅನುಮಾನಪಡಿ. ಅಂಟದ ಹೊಳಪು ಪುಡಿಯಾದರೆ ಬೇರಿಂಗ್, ಪಿಸ್ಟನ್ ಇಲ್ಲವೇ ಕೇಸ್. ಎರಡರಲ್ಲಿ ಯಾವುದು ಕಂಡರೂ ಟ್ರ್ಯಾಕಿಗೆ ಒಯ್ಯುವ ಮುಂಚೆ ಮತ್ತೆ ಬಿಚ್ಚಲೇಬೇಕು.