ಪದ ಪರಿಚಯ: ಮುಕ್ತ ಪರಂಪರೆ ಎಪಿಐ

ನಮ್ಮ ಕಲಬುರಗಿ ಕಡೆಯ ಹುಡುಗರಿಗೆ ಎಪಿಐ ಅಂದರೇನು ಎಂದು ಹೇಳುವಾಗ ನಾನು ಮೊದಲು ತಹಶೀಲ್ ಕಚೇರಿಯ ಮಾತು ತೆಗೆಯುತ್ತೇನೆ. ಪಹಣಿ ಬೇಕಾದರೆ ಯಾರೂ ರೆಕಾರ್ಡ್ ರೂಮಿಗೆ ನುಗ್ಗಿ ಕಪಾಟು ತಡಕಾಡುವುದಿಲ್ಲ. ಕಿಟಕಿಯ ಮುಂದೆ ನಿಂತು ಊರು, ಹೋಬಳಿ, ಸರ್ವೇ ನಂಬರ್ ಹೇಳುತ್ತೇವೆ. ಒಳಗಿನಿಂದ ಗೊತ್ತಾದ ನಮೂನೆಯ ಹಾಳೆ ಬರುತ್ತದೆ. ಎಪಿಐ ಅಂಥದೇ ಕಿಟಕಿ. ಇಲ್ಲಿ ಸಾಲಿನಲ್ಲಿ ನಿಲ್ಲುವುದು ನೀವು ಬರೆದ ಪ್ರೋಗ್ರಾಂ, ಬರುವ ಹಾಳೆ ಸಾಮಾನ್ಯವಾಗಿ ಜೇಸನ್ (JSON), ಅಂದರೆ ಪ್ರೋಗ್ರಾಂ ಸುಲಭವಾಗಿ ಓದಬಲ್ಲ ನಮೂನೆಯ ಪಠ್ಯ.

ಆ ರೆಕಾರ್ಡ್ ರೂಮಿನಲ್ಲಿ ಹೊಲದ ಲೆಕ್ಕದ ಬದಲು ವಸ್ತುಸಂಗ್ರಹಾಲಯದ ಕಡತಗಳಿದ್ದರೆ ಅದು ಪರಂಪರೆ ಎಪಿಐ. ಪಡೆದ ನಕಲನ್ನು ಯಾರು ಬೇಕಾದರೂ ಮರುಬಳಸಬಹುದು ಎಂಬ ಅನುಮತಿಯೂ ಜೊತೆಗಿದ್ದರೆ ಅದು ಮುಕ್ತ. ಪುಕ್ಕಟೆ ಬೇರೆ, ಮುಕ್ತ ಬೇರೆ. ಬಿಟ್ಟಿಯಾಗಿ ನೋಡಲು ಸಿಗುವ ಚಿತ್ರವನ್ನೆಲ್ಲ ನಿಮ್ಮ ಆ್ಯಪಿನಲ್ಲಿ ಹಾಕಿಕೊಳ್ಳುವಂತಿಲ್ಲ.

ಶುರು ಮಾಡಲು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಸಲೀಸು. ಅವರು 2017ರಲ್ಲಿ ತಮ್ಮ ಸಂಗ್ರಹದ ವಿವರಗಳನ್ನು, ಹಕ್ಕುಸ್ವಾಮ್ಯ ಮುಗಿದ ಕೃತಿಗಳ ಚಿತ್ರಗಳನ್ನು ಸಿಸಿ ಸೊನ್ನೆ (CC0) ಪರವಾನಗಿಯಲ್ಲಿ, ಅಂದರೆ ಯಾವ ಷರತ್ತೂ ಇಲ್ಲದೆ ಮರುಬಳಸಲು ಬಿಟ್ಟುಕೊಟ್ಟರು. 2018ರಲ್ಲಿ ಎಪಿಐ ತೆರೆದರು. ನೋಂದಣಿ ಇಲ್ಲ, ಕೀ (ಕೇಳುವವರು ಯಾರೆಂದು ಗುರುತಿಸುವ ಗುಟ್ಟಿನ ಅಕ್ಷರಸಾಲು) ಇಲ್ಲ, ಬ್ರೌಸರಿನಲ್ಲಿ ವಿಳಾಸ ಬರೆಯುವ ಜಾಗದಿಂದಲೇ ಕೇಳಬಹುದು. ಏನು ಕೇಳುವುದು? ಬೀದರ್ ಪಕ್ಕದಲ್ಲೇ ಇರುವಾಗ ಬಿದ್ರಿಯನ್ನೇ, ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸಿದ ಹುಕ್ಕಾದಂಥ ವಸ್ತುಗಳನ್ನೇ ಕೇಳಿ. ದಾಖಲೆಗಳು ಇಂಗ್ಲಿಷಿನವು, ಹಾಗಾಗಿ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಕೊಡಬೇಕು.

ಮೊದಲ ಸಲ ಎಲ್ಲರೂ ಎಡವುವ ಜಾಗ ಒಂದಿದೆ. "ಬರೇ ನಂಬರ್ ಬಂದಾವ್ರಿ ಸರ್, ಹುಕ್ಕಾ ಎಲ್ಲದರಿ?" ಎನ್ನುತ್ತಾರೆ. ಹುಡುಕಾಟಕ್ಕೆ ಈ ಎಪಿಐ ಕೊಡುವುದು ವಸ್ತುಗಳ ಸಂಖ್ಯೆಗಳ ಪಟ್ಟಿಯನ್ನಷ್ಟೇ, ಅದು ಸರ್ವೇ ನಂಬರ್ ಇದ್ದಂತೆ. ಒಂದೊಂದು ಸಂಖ್ಯೆ ಹಿಡಿದು ಮತ್ತೆ ಕೇಳಿದಾಗಲೇ ಪಹಣಿ: ಹೆಸರು, ಕಾಲ, ಅಳತೆ, ಯಾವುದರಿಂದ ಮಾಡಿದ್ದು, ಚಿತ್ರದ ಕೊಂಡಿ, ಜೊತೆಗೆ ಹಕ್ಕುಸ್ವಾಮ್ಯ ಮುಗಿದಿದೆಯೇ ಎಂಬುದಕ್ಕೆ ಹೌದು-ಇಲ್ಲದ ಕಾಲಂ. ಚಿತ್ರ ಇಳಿಸುವ ಮೊದಲು ನಿಮ್ಮ ಕೋಡ್ ಈ ಕೊನೆಯ ಕಾಲಮನ್ನು ನೋಡಲೇಬೇಕು. (ಸತುವಿನ ಮಿಶ್ರಲೋಹ, ಬೆಳ್ಳಿ ಇವಕ್ಕೆಲ್ಲ ದಾಖಲೆಯಲ್ಲಿ ಜಾಗವಿದೆ. ಬಿದ್ರಿಗೆ ಆ ಕಪ್ಪು ತರುವ ಬೀದರ್ ಕೋಟೆಯ ಮಣ್ಣಿಗೆ ಬೇರೆ ಕಾಲಮಿಲ್ಲ. ಕುಶಲಕರ್ಮಿಗಳು ಇದನ್ನು ಕೇಳಿದರೆ ನಗುತ್ತಾರೆ.)

ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನ ಎಪಿಐಗೂ ಕೀ ಬೇಡ. ಅಲ್ಲೂ ಬಿದ್ರಿ ಇದೆ, ಆದರೆ ಚಿತ್ರಗಳ ಷರತ್ತು ಬೇರೆ. ಅಮೆರಿಕದ ವಸ್ತುಸಂಗ್ರಹಾಲಯಗಳ ಸಂಸ್ಥೆ ಸ್ಮಿತ್ಸೋನಿಯನ್ ಮತ್ತು ಯುರೋಪಿನ ಸಂಗ್ರಹಗಳನ್ನು ಒಂದೆಡೆ ತೋರಿಸುವ ಯುರೋಪಿಯಾನಾ ಕೀ ಕೇಳುತ್ತವೆ, ಉಚಿತವಾಗಿಯೇ ಕೊಡುತ್ತವೆ. ಆ ಕೀಯನ್ನು ಕೋಡಿನ ಜೊತೆ ಗಿಟ್‌ಹಬ್ಬಿಗೆ (ಕೋಡ್ ಹಂಚಿಕೊಳ್ಳುವ ತಾಣ) ಏರಿಸಿಬಿಡಬೇಡಿ.

ನನ್ನ ಮಟ್ಟಿಗೆ ಕೋಡಿಗಿಂತ ದೊಡ್ಡ ತೊಡಕು ಹೆಸರಿನದು. ಕಲಬುರಗಿ ಅಧಿಕೃತವಾಗಿ ಕಲಬುರಗಿಯಾದದ್ದು 2014ರ ನವೆಂಬರ್ 1ರಂದು. ಅದಕ್ಕೂ ಹಿಂದಿನ ಕಡತಗಳಲ್ಲಿ ಅದು ಗುಲ್ಬರ್ಗಾ. ಸುರಪುರ ಶೋರಾಪುರವಾಗಿದೆ, ಮಳಖೇಡ ಮಾನ್ಯಖೇಟವಾಗಿದೆ. ಕೆಲವೆಡೆ ಊರಿನ ಹೆಸರೇ ಇಲ್ಲದೆ ಬರೀ ದಖ್ಖನ್ ಎಂದಿರುತ್ತದೆ. ಒಂದೇ ಹೆಸರು ಹಿಡಿದು ಹುಡುಕಿದರೆ ಅರ್ಧ ಮಾಲು ಕಣ್ಣಿಗೇ ಬೀಳುವುದಿಲ್ಲ.

ಇಲ್ಲಿ ನೆರವಿಗೆ ಬರುವುದು 2012ರಲ್ಲಿ ಶುರುವಾದ ವಿಕಿಡೇಟಾ, ವಿಕಿಪೀಡಿಯದಂತೆ ಯಾರು ಬೇಕಾದರೂ ತಿದ್ದಬಹುದಾದ ಮಾಹಿತಿಕೋಶ. ಅಲ್ಲಿ ಊರಿಗೆ, ಕೋಟೆಗೆ, ಮಸೀದಿಗೆ ಕ್ಯೂ ಅಕ್ಷರದಿಂದ ಶುರುವಾಗುವ ಒಂದೊಂದು ಸಂಖ್ಯೆ. ಹಳೆಯ, ಹೊಸ ಹೆಸರುಗಳು, ಕನ್ನಡ-ಉರ್ದು-ಇಂಗ್ಲಿಷ್ ರೂಪಗಳು ಅದರ ಅಡಿಯಲ್ಲಿ ಸೇರುತ್ತವೆ. ಕನ್ನಡದಲ್ಲೇ ಹುಡುಕಬಹುದು. ಗುಣಗಳಿಗೂ ಸಂಖ್ಯೆಯಿದೆ: ಪಿ625 ಎಂದರೆ ಅಕ್ಷಾಂಶ-ರೇಖಾಂಶ, ಪಿ18 ಎಂದರೆ ಚಿತ್ರ. ಸ್ಪಾರ್ಕಲ್ ಎಂಬ ಪ್ರಶ್ನಾಭಾಷೆಯಲ್ಲಿ ಇವೆರಡನ್ನೂ ಕೇಳಿ ಬೀದರ್ ಜಿಲ್ಲೆಯ ಸ್ಮಾರಕಗಳನ್ನು ನಕ್ಷೆಯ ಮೇಲೆ ಕೂರಿಸಬಹುದು. 1472ರ ಮಹಮೂದ್ ಗಾವಾನ್ ಮದರಸಾದಿಂದ ಶುರು ಮಾಡಿ. ವಿಕಿಡೇಟಾದ ವಿವರ ಸಿಸಿ ಸೊನ್ನೆ. ಚಿತ್ರಗಳು ಮಾತ್ರ ಅದರ ಸೋದರ ತಾಣವಾದ ವಿಕಿಮೀಡಿಯಾ ಕಾಮನ್ಸ್ ಎಂಬ ಚಿತ್ರಭಂಡಾರದವು. ಬಹಳಷ್ಟಕ್ಕೆ ತೆಗೆದವರ ಹೆಸರು, ಪರವಾನಗಿ ಎರಡನ್ನೂ ಕೆಳಗೆ ಬರೆಯಬೇಕು.

ನಕ್ಷೆ ಬಂದಾಗ ಖಾಲಿ ಜಾಗಗಳೂ ಕಾಣುತ್ತವೆ. ನಿಮ್ಮೂರ ಬಾವಿಗೋ ಅಗಸೆ ಬಾಗಿಲಿಗೋ ಚಿತ್ರ ಬಾರದಿದ್ದರೆ ಕೋಡ್ ತಪ್ಪಿದೆ ಎಂದು ಕೂಡಲೇ ತಲೆ ಕೆಡಿಸಿಕೊಳ್ಳಬೇಡಿ, ಯಾರೂ ಇನ್ನೂ ಹಾಕಿರಲಿಕ್ಕಿಲ್ಲ. ಮೊಬೈಲಿನಲ್ಲಿ ನೀವೇ ತೆಗೆದ ಫೋಟೊ ಕಾಮನ್ಸಿಗೆ ಏರಿಸಿ, ವಿಕಿಡೇಟಾದ ಪಿ18ಕ್ಕೆ ಜೋಡಿಸಿ, ಅದೇ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಓಡಿಸಿ ನೋಡಿ.